ಜೋಳದ ಹಿಟ್ಟು ಉಬ್ಬಿದ ಪುಟ

ನಾಗರ ಪಂಚಮಿಯ ಹಿಂದಿನ ದಿನ ನಮ್ಮ ಕಡೆ ರೊಟ್ಟಿ ಹಬ್ಬ. ಹಾನಗಲ್ಲಿನ ನಮ್ಮ ಓಣಿಯಲ್ಲಿ ಅಂದು ಪ್ರತಿ ಮನೆಯಿಂದಲೂ ರೊಟ್ಟಿ, ಪಲ್ಯ, ಚಟ್ನಿ ತುಂಬಿದ ತಾಟು ನೆರೆಮನೆಗೆ ಹೋಗುತ್ತದೆ, ಅವರ ಮನೆಯ ರೊಟ್ಟಿ ಹೊತ್ತು ತಿರುಗಿ ಬರುತ್ತದೆ. ಹಾಗಾಗಿ ಒಲೆ ಬೇಗ ಹೊತ್ತಬೇಕು. ಹೋದ ವರ್ಷದ ರೊಟ್ಟಿ ಹಬ್ಬದಂದೂ ನಾನು ಐದಕ್ಕೆ ಎದ್ದು, ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಗ್ಯಾಸಿನ ಒಂದು ಬದಿಗೆ ಎಸರಿಟ್ಟೆ, ಇನ್ನೊಂದು ಬದಿಗೆ ಮಡಿಕೆ ಕಾಳು. ಅತ್ತೆ ಗೋಡೆಗೆ ಒರಗಿ ಕುಳಿತು ಎಣಗಾಯಿಗೆ ಬದನೆಕಾಯಿ ಸೀಳುತ್ತಿದ್ದರು. ಎಸರು ಮರಳಿದ ಮೇಲೆ ಪರಾತದಲ್ಲಿದ್ದ ಹಿಟ್ಟಿಗೆ ಸುರಿದು, ಕೈ ಸುಡುವಾಗಲೇ ನಾದಿ, ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿದೆ.

ನಾಲ್ಕನೆಯ ರೊಟ್ಟಿಗೆ ನಾದಿನಿ ಎದ್ದು ಬಂದಳು. ಕನ್ನಡಕ ತಲೆಯ ಮೇಲೇರಿಸಿ, ಎದೆಗೆ ಒಂದು ಕಾಗದದ ಕಟ್ಟು ಅವಚಿಕೊಂಡು, ಬಾಗಿಲಲ್ಲಿ ನಿಂತು ಹಿಟ್ಟಿನ ವಾಸನೆ ಎಳೆದುಕೊಂಡಳು.

"ವೈನಿ, ಚಹಾ ನಾ ಮಾಡ್ಲೇನ್ರಿ?"

"ನೀ ಸುಮ್ಮನ ಕುಂಡ್ರು," ಅಂದರು ಅತ್ತೆ. "ಸಕ್ಕರಿ ಡಬ್ಬಿ ಎಲ್ಲೈತಿ ಅನ್ನೂದರ ಗೊತ್ತೈತೇನು ನಿನಗ?"

"ಇಲ್ಲ ಬಿಡವಾ. ಫ್ರಾನ್ಸಿನ ಮಂದೀ ಅಡಗೀಮನಿ ಎಲ್ಲಾ ಗೊತ್ತು, ನಮ್ಮ ಮನೀದಷ್ಟ ಗೊತ್ತಿಲ್ಲ."

ತಾಯಿ ಮಗಳು ಇಬ್ಬರೂ ನಕ್ಕರು. ನಾನೂ ನಕ್ಕೆ. ಈ ಮನೆಗೆ ಬಂದು ಮೂರು ದಿನವಾದಾಗ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ನಾನು ಕೇಳಿದ್ದಕ್ಕೆ ಇದೇ ಅತ್ತೆ, "ಕಾನ್ವೆಂಟಿನ್ಯಾಗ ಕಣ್ಣ ತಗದು ನೋಡೂದು ಕಲಿಸಿಲ್ಲೇನು?" ಅಂದಿದ್ದರು. ಅದನ್ನು ಅವರು ಮರೆತಿದ್ದಾರೆ.

ನಾದಿನಿ ಆ ಕಟ್ಟನ್ನು ಹಿಟ್ಟು ತಾಗದ ಕಡೆ, ಗೋಡೆಯ ಮಾಡದಲ್ಲಿಟ್ಟಳು. "ಇದು ಇವತ್ತ ಸಂಜೀ ಹುಬ್ಬಳ್ಳಿ ಬಸ್ಸಿಗೆ ಹೋಗಬೇಕ್ರಿ ವೈನಿ. ಹಬ್ಬ ಮುಗಿದ ಮರುದಿನಾನ ಅಚ್ಚಿಗೆ ಹಾಕ್ತಾರಂತ. ಒಂದ ಸಲ ನೀವು ಕಣ್ಣಾಡಿಸಿ ಕೊಟ್ಟುಬಿಡ್ರಿ. ಅದರಾಗೂ ಅಡಗೀ ಭಾಗ."

ಅದು ಅವಳ ಮೊದಲ ಕನ್ನಡ ಪುಸ್ತಕದ ಕರಡಚ್ಚು. ಹಳೆಯ ಫ್ರೆಂಚ್ ಕಾದಂಬರಿಯೊಂದನ್ನು ಮೂರು ವರ್ಷ ಕುಳಿತು ಕನ್ನಡಕ್ಕೆ ತಂದಿದ್ದಳು. ಮುದ್ರಕರು ಹಳೆಯ ಕಾಲದವರು, ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತಿದ್ದಿದರೇ ಅವರಿಗೆ ಸಮಾಧಾನ. "ಆತು, ನೋಡ್ತೇನವಾ," ಎಂದೆ. ರೊಟ್ಟಿ ತಿರುವಿ ಹಾಕಿದೆ.

ಇವಳು ಯಾರು, ನಾನು ಯಾರು ಎಂದು ಹೇಳಿಬಿಡುತ್ತೇನೆ. ನನ್ನ ತವರು ಸವಣೂರು. ಅಲ್ಲಿಂದ ದಿನಾ ಬಸ್ಸಿನಲ್ಲಿ ಶಿಗ್ಗಾಂವಿಗೆ ಹೋಗಿ ಕಾನ್ವೆಂಟಿನಲ್ಲಿ ಕಲಿತೆ. ಬಾಗಿಲು ಸದ್ದಾಗದಂತೆ ಮುಚ್ಚುವುದು, ಕರವಸ್ತ್ರದ ಅಂಚು ಹೊಲಿಯುವುದು, ಇಂಗ್ಲಿಷ್ ಓದುವಾಗ ಕಾಮಾ ಬಂದಲ್ಲಿ ಉಸಿರು ನಿಲ್ಲಿಸುವುದು, ಇಷ್ಟನ್ನು ಅಲ್ಲಿ ಚೆನ್ನಾಗಿ ಕಲಿಸಿದರು. ಒಬ್ಬ ವಯಸ್ಸಾದ ಸಿಸ್ಟರ್ ನನ್ನ ಅಪ್ಪನನ್ನು ಕರೆಸಿ, ಈ ಹುಡುಗಿಗೆ ಭಾಷೆಯ ಕಿವಿ ಇದೆ, ಎಷ್ಟು ಬೇಕಾದರೂ ಓದಿಸಿ ಎಂದು ಹೇಳಿದ್ದರು. ಅಪ್ಪ ಅವರೆದುರು ಕೈಮುಗಿದು ಒಪ್ಪಿದ. ನಾನು ಡಿಗ್ರಿ ಎರಡನೆಯ ವರ್ಷದಲ್ಲಿದ್ದಾಗ ಹಾನಗಲ್ಲಿನ ಬೀಜದಂಗಡಿಯವರ ಸಂಬಂಧ ಬಂತು, ಒಳ್ಳೆಯ ಮನೆತನ ಎಂದು ಅದಕ್ಕೂ ಒಪ್ಪಿದ.

ನಾನು ಸೊಸೆಯಾಗಿ ಬಂದಾಗ ನಾದಿನಿ ಪಿಯುಸಿಯಲ್ಲಿದ್ದಳು. ಕನ್ನಡ ಶಾಲೆಯ ಹುಡುಗಿ, ಇಂಗ್ಲಿಷಿನಲ್ಲಿ ನಪಾಸು. ಸಂಜೆ ನಾನು ರೊಟ್ಟಿ ಬಡಿಯುವಾಗ ಅವಳು ಎದುರಿಗೆ ಮಣೆ ಹಾಕಿಕೊಂಡು ಪಾಠ ಓದುತ್ತಿದ್ದಳು, ನಾನು ಕೈ ನಿಲ್ಲಿಸದೆ ತಿದ್ದುತ್ತಿದ್ದೆ. ಒಂದೊಂದು ದಿನ ಅವಳಿಗೆ ಅಯ್ಯೋ ಎನಿಸಿ, "ತರ್ರಿ ವೈನಿ, ಎರಡ ನಾ ಬಡೀತೇನಿ" ಎಂದು ತೋಳೇರಿಸುತ್ತಿದ್ದಳು. "ಓದೂ ಹುಡಿಗಿ ಕೈಗೆ ಹಿಟ್ಟು ಹತ್ತೂದು ಬ್ಯಾಡ" ಎಂದು ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು. ಸುಳ್ಳೇಕೆ ಹೇಳಲಿ, ನಾನೂ ಅದನ್ನೇ ಹೇಳುತ್ತಿದ್ದೆ. ಆಗ ನನಗಿದ್ದದ್ದು ಪ್ರೀತಿಯೇ. ಅವಳ ನಾಲಿಗೆಯಲ್ಲಿ ನನ್ನ ಇಂಗ್ಲಿಷ್ ಕೇಳುವುದೆಂದರೆ ಯಾರೋ ನನ್ನ ಸೀರೆ ಉಟ್ಟುಕೊಂಡು ಮದುವೆಗೆ ಹೊರಟಂತೆ ಸಂತೋಷವಾಗುತ್ತಿತ್ತು.

ಅವಳು ಧಾರವಾಡಕ್ಕೆ ಹೋದಳು. ಬೇರೆ ಭಾಷೆಯ ತರಗತಿಗಳು ತುಂಬಿದ್ದವು, ಫ್ರೆಂಚಿನಲ್ಲಿ ಜಾಗವಿತ್ತು, ಸೇರಿಕೊಂಡಳು. ಅಷ್ಟೇ ಆರಂಭ. ಅಲ್ಲಿಂದ ಹೈದರಾಬಾದು, ಎರಡು ವರ್ಷ ಫ್ರಾನ್ಸು, ಡಾಕ್ಟರೇಟು, ಈಗ ಪುದುಚೇರಿಯಲ್ಲಿ ಪ್ರಾಧ್ಯಾಪಕಿ. ಮದುವೆ ಬೇಡ ಎಂದಾಗ ಮನೆಯಲ್ಲಿ ಒಂದು ತಿಂಗಳು ಮಾತು ನಡೆಯಿತು, ಆಮೇಲೆ ಎಲ್ಲರೂ ಸುಮ್ಮನಾದರು. ಹಾಗೆ ಹೇಳಿ ಸುಮ್ಮನಾಗಿಸಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳ ಮಹಾಪ್ರಬಂಧ ಹಳೆಯ ಫ್ರೆಂಚ್ ಕಾದಂಬರಿಗಳಲ್ಲಿ ಬರುವ ಅಡುಗೆಯವರ, ಮನೆಗೆಲಸದ ಹೆಂಗಸರ ಬಗ್ಗೆ. ದಪ್ಪ ಪುಸ್ತಕ, ಇಂಗ್ಲಿಷಿನಲ್ಲಿದೆ. ಹಾನಗಲ್ಲಿನಲ್ಲಿ ಅದನ್ನು ಪೂರ್ತಿ ಓದಿದವಳು ಬಹುಶಃ ನಾನೊಬ್ಬಳೇ, ಎರಡು ಸಲ ಓದಿದ್ದೇನೆ. ಯಾವ ಶ್ರೀಮಂತರ ಮನೆಯಲ್ಲಿ ಅಡುಗೆಯವಳಿಗೆ ಕುರ್ಚಿ ಇರುತ್ತಿರಲಿಲ್ಲ, ಒಲೆಯ ಬೂದಿ ಯಾರ ಪಾಲಿಗೆ, ಸಾಮಾನಿನ ಕೀಲಿ ಯಾರ ಸೊಂಟದಲ್ಲಿ, ಎಲ್ಲ ಬರೆದಿದ್ದಾಳೆ. ಓದುತ್ತ ಓದುತ್ತ ನನಗೆ ಒಮ್ಮೆ, ಅರೆ, ಇವಳು ಎದುರಿಗೆ ಕುಳಿತು ಪಾಠ ಓದುತ್ತಿದ್ದಳೋ, ನನ್ನನ್ನು ನೋಡುತ್ತಿದ್ದಳೋ ಎಂದೂ ಅನಿಸಿತು.

ಹೊಟ್ಟೆಕಿಚ್ಚು ಯಾವಾಗ ಶುರುವಾಯಿತು ಎಂದು ಕೇಳಿದರೆ ತಾರೀಖು ಹೇಳಲಾರೆ. ಜಾಗ ಹೇಳಬಲ್ಲೆ. ಹಿರೇಕೆರೂರಿನ ಕಾಲೇಜೊಂದರಲ್ಲಿ ಅವಳ ಉಪನ್ಯಾಸವಿತ್ತು. ಜೊತೆಗೆ ಹೋಗಿದ್ದೆ. ಮುಂದಿನ ಸಾಲಿನಲ್ಲಿ ಕೂರಿಸಿದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಆ ಬುಟ್ಟಿಯನ್ನು ಒಬ್ಬರು ತಂದು ನನ್ನ ತೊಡೆಯ ಮೇಲಿಟ್ಟು, "ಮೇಡಮ್ಮರ ಮನಿಯವರಲ್ರಿ? ಹಿಡಕೋರಿ" ಎಂದು ಹೋದರು. ಅವಳು ಮಾತಿನಲ್ಲಿ ನನ್ನನ್ನು ಮರೆಯಲಿಲ್ಲ. "ನನ್ನ ಮೊದಲ ಗುರು ನಮ್ಮ ವೈನಿ, ರೊಟ್ಟಿ ಬಡಿಯುತ್ತ ಇಂಗ್ಲಿಷ್ ಕಲಿಸಿದರು" ಎಂದಳು. ಸಭೆ ಚಪ್ಪಾಳೆ ತಟ್ಟಿತು, ಎಲ್ಲರೂ ತಿರುಗಿ ನೋಡಿದರು. ಎದ್ದು ನಿಂತು ಕೈಮುಗಿಯೋಣವೆಂದರೆ ಎರಡೂ ಕೈಯಲ್ಲಿ ಬುಟ್ಟಿ. ಹಾಗೇ ಕುಳಿತೆ. ಬುಟ್ಟಿಯಲ್ಲಿದ್ದ ಸೇಬುಗಳಿಗೆ ಅಂಟಿಸಿದ ಚೀಟಿಗಳನ್ನು ಉಗುರಿನಿಂದ ಒಂದೊಂದಾಗಿ ಕೀಳುತ್ತ ಉಪನ್ಯಾಸ ಮುಗಿಯುವವರೆಗೆ ಕುಳಿತಿದ್ದೆ.

ಅವಳು ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಿತ್ತು! ಬರುವಾಗಲೆಲ್ಲ ನನಗೆ ಏನಾದರೂ ತರುತ್ತಾಳೆ. ನನ್ನ ಮಾತು ನಡುವೆ ಕತ್ತರಿಸುವುದಿಲ್ಲ. ಆದರೆ ಪಂಚಮಿಗೆ ಬರುತ್ತಾಳೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಉಂಡಿ ತಿಂದು ಜೋಕಾಲಿ ಆಡುತ್ತಾರೆ. ನಾನೂ ಸವಣೂರಿನ ಒಂದು ಮನೆಯ ಹೆಣ್ಣುಮಗಳೇ. "ಆಕಿ ವರ್ಷಕ್ಕೊಮ್ಮೆ ಬರಾಕಿ. ನೀ ಸವಣೂರಿಗೆ ಯಾವಾಗರ ಹೋಗಬಹುದಲ್ಲವಾ, ಬಸ್ಸಿಗೇನ ಬರಗಾಲ ಬಂದೈತಿ?" ಎನ್ನುತ್ತಾರೆ ಅತ್ತೆ. ಮಾತು ಖರೆ. ಬಸ್ಸಿಗೆ ಬರಗಾಲವಿಲ್ಲ.

ಹತ್ತು ಗಂಟೆಗೆ ರೊಟ್ಟಿ ಮುಗಿದವು. ಸಜ್ಜೆ ರೊಟ್ಟಿಯ ಮೇಲಿನ ಎಳ್ಳು ಕೈಗೆಲ್ಲ ಅಂಟಿತ್ತು. ಕೈ ತೊಳೆದು, ಪಡಸಾಲೆಯ ಬೆಳಕಿನಲ್ಲಿ ಕುಳಿತು ಕರಡು ಬಿಚ್ಚಿದೆ.

ನದಿಯ ದಡದಲ್ಲಿ ಒಂದು ಸಣ್ಣ ಹೋಟೆಲು, ಅಲ್ಲಿನ ಅಡುಗೆಯ ಹೆಂಗಸಿನ ಕಥೆ. ಚೆನ್ನಾಗಿತ್ತು. ಅದೇ ತೊಂದರೆ, ಚೆನ್ನಾಗಿತ್ತು. ನಾನು ಕಾಗುಣಿತ ತಿದ್ದಿದೆ, ಎರಡು ಸಲ ಬಂದ ಸಾಲು ಹೊಡೆದು ಹಾಕಿದೆ, ಬೇಳೆ ಬೇಯುವ ಮೊದಲೇ ಉಪ್ಪು ಹಾಕಿದ್ದನ್ನು ಆಮೇಲೆ ಹಾಕಿಸಿದೆ. ಅಂಚಿನಲ್ಲೆಲ್ಲ ನನ್ನ ಪೆನ್ಸಿಲಿನ ಗುರುತು, ಕಾನ್ವೆಂಟಿನ ದುಂಡು ಅಕ್ಷರ.

ಆಮೇಲೆ ಆ ಪುಟ ಬಂತು. ಆ ಹೆಂಗಸಿನ ಗಂಡ ನದಿ ದಾಟಿ ಹೋದವನು ಬಂದಿಲ್ಲ. ಅವಳು ಸಂಜೆ ಜೋಳದ ಹಿಟ್ಟು ನಾದಿ, ಹಸಿಬಟ್ಟೆ ಮುಚ್ಚಿ, ಒಲೆಯ ಬಳಿ ಇಟ್ಟು ಬಾಗಿಲಲ್ಲಿ ಕುಳಿತು ಕಾಯುತ್ತಾಳೆ. ಬೆಳಗಾಗುವ ಹೊತ್ತಿಗೆ ಹಿಟ್ಟು ಉಬ್ಬಿ ಎರಡರಷ್ಟಾಗಿ ಪರಾತದ ಅಂಚು ದಾಟಿದೆ, ಅವನು ಬಂದಿಲ್ಲ. ಅವಳು ಅಳುತ್ತ ಅದೇ ಹಿಟ್ಟಿನಿಂದ ರೊಟ್ಟಿ ಬಡಿಯುತ್ತಾಳೆ.

ಜೋಳದ ಹಿಟ್ಟು!

ತಲೆಯೆತ್ತಿ ಕೇಳಿದೆ, "ಇಡೀ ಪುಸ್ತಕದಾಗ ಬ್ರೆಡ್ಡಿನ ಬದಲಿ ರೊಟ್ಟೀನ ಮಾಡೀಯಲ್ಲವಾ?"

"ಹೂಂ ರೀ. ಬ್ರೆಡ್ ಅಂತ ಬರದ್ರ ನಮ್ಮ ಮಂದಿ ಏನಂತಾರ? ಜಡ್ಡಿನವರು ಹಾಲಾಗ ಅದ್ದಿ ತಿನ್ನೂದು ಅಂತಾರ. ದವಾಖಾನಿ ನೆನಪಾಕ್ಕೈತಿ. ಅದಕ್ಕ ಎಲ್ಲಾ ಕಡೆ ಜ್ವಾಳದ ರೊಟ್ಟೀನ ಮಾಡಿಬಿಟ್ಟೆ. ಬರೋಬ್ಬರಿ ಆಗೇತಿಲ್ಲೋ?"

"ವಿಚಾರ ಚಲೋ ಐತಿ," ಎಂದೆ. ವಿಚಾರ ನಿಜವಾಗಿ ಚೆನ್ನಾಗಿಯೇ ಇತ್ತು.

ಆದರೆ ಜೋಳದ ಹಿಟ್ಟು ಉಬ್ಬುವುದಿಲ್ಲ. ಗೋಧಿ ಉಬ್ಬೀತು, ಮೈದಾ ಉಬ್ಬೀತು. ಜೋಳದ ಹಿಟ್ಟಿಗೆ ಇರುವುದು ಎಸರು ಕೊಟ್ಟ ಜಿಗಿ ಅಷ್ಟೇ, ನಾದಿದ ಕೂಡಲೇ ಬಡಿಯಬೇಕು. ಮುಚ್ಚಿಟ್ಟರೆ ಜಿಗಿ ಹೋಗಿ, ಬಿರುಕು ಬಿಟ್ಟು, ಬೆಳಗಿಗೆ ಹುಳಿ ವಾಸನೆ ಹೊಡೆದು ದನದ ಪಾಲಾಗುತ್ತದೆ. ನನ್ನ ಮದುವೆಯಾದ ಹೊಸದರಲ್ಲಿ ತವರಿನಿಂದ ಫೋನು ಬಂತೆಂದು ನಾದಿದ ಹಿಟ್ಟು ಬಿಟ್ಟು ಹೋಗಿ, ಅತ್ತು, ಅರ್ಧ ತಾಸಿಗೆ ಬಂದಾಗ ಒಂದು ರೊಟ್ಟಿಯೂ ಏಳಲಿಲ್ಲ. "ಹಿಟ್ಟು ಕಲಸಿದ ಮ್ಯಾಲೆ ಅಳೂದಿದ್ರ ರೊಟ್ಟಿ ಬಡಕೊಂತ ಅಳಬೇಕು," ಎಂದಿದ್ದರು ಅತ್ತೆ. ನಮ್ಮ ಕಡೆಯ ಹತ್ತು ವರ್ಷದ ಹುಡುಗಿಗೂ ಗೊತ್ತಿರುವ ಮಾತು ಇದು. ಇವಳಿಗೆ ಗೊತ್ತಿಲ್ಲ, ಏಕೆಂದರೆ ನಾವು ಅವಳ ಕೈಗೆ ಹಿಟ್ಟು ಹತ್ತಗೊಡಲಿಲ್ಲ.

ಪೆನ್ಸಿಲು ಆ ಸಾಲಿನ ಮೇಲೆ ನಿಂತಿತು. ಬಿಜಾಪುರದಿಂದ ಬಳ್ಳಾರಿಯವರೆಗೆ ಈ ಪುಸ್ತಕ ಓದುವ ಹೆಂಗಸರೆಲ್ಲ ಈ ಪುಟಕ್ಕೆ ಬಂದು ಒಬ್ಬರನ್ನೊಬ್ಬರು ಕರೆದು ತೋರಿಸಿ ನಗುವುದು ಕಣ್ಣಿಗೆ ಕಟ್ಟಿತು. ಫ್ರಾನ್ಸ್ ನೋಡಿ ಬಂದಾಕಿಗೆ ಜ್ವಾಳದ ಹಿಟ್ಟು ಗೊತ್ತಿಲ್ಲ. ಅಡುಗೆಮನೆಯ ಮೇಲೆ ಡಾಕ್ಟರು! ನನ್ನ ಬಾಯಿಯೊಳಗೆ ಬೆಲ್ಲ ಕರಗಿದ ಹಾಗಾಯಿತು. ಪುಟ ತಿರುವಿ ಮುಂದಿನ ಪುಟದಲ್ಲಿ ಒಂದು ಕಾಮಾ ತಿದ್ದಿದೆ.

ಊಟಕ್ಕೆ ಕುಳಿತಾಗ ಅತ್ತೆ ಮಗಳ ತಟ್ಟೆಗೆ ಎಣಗಾಯಿ ಬಡಿಸುತ್ತ, "ಏನರ ತಪ್ಪ ಸಿಕ್ಕುವೇನು ಆಕಿ ಪುಸ್ತಕದಾಗ?" ಎಂದು ನನ್ನನ್ನು ಕೇಳಿದರು.

"ಸಣ್ಣ ಪುಟ್ಟವು ರೀ."

"ಹುಡುಕು, ಹುಡುಕು. ನನ್ನ ಸಾರಿನ್ಯಾಗ ಇಪ್ಪತ್ತೈದ ವರ್ಷದಿಂದ ಹುಡುಕಾಕತ್ತೀಯಲ್ಲ, ಹಂಗ ಹುಡುಕು."

"ಅವ್ವಾ, ವೈನಿ ಇಲ್ಲಂದ್ರ ಈ ಪುಸ್ತಕ ಇಲ್ಲ," ಎಂದಳು ನಾದಿನಿ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. ಆ ಮಾತಿಗೆ ಹೇಳಿಬಿಡೋಣ ಎನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಜಮಾನರು ಅಂಗಡಿಯಿಂದ ಊಟಕ್ಕೆ ಬಂದವರು ತಂಗಿಗೆಂದು ಗಿರಮಿಟ್ಟಿನ, ಮಸಾಲೆ ಕಲಸಿದ ಚುರುಮುರಿಯ, ಪೊಟ್ಟಣ ತಂದಿದ್ದರು. ಅವಳಿಗೆ ಸಣ್ಣಂದಿನಿಂದ ಇಷ್ಟ ಎಂದು. ಒಂದೇ ಪೊಟ್ಟಣ. ಬಿಚ್ಚಿ ಎಲ್ಲರಿಗೂ ಹಂಚಿದಳು, ನನಗೇ ಹೆಚ್ಚು ಹಾಕಿದಳು. ನಾಲಿಗೆಯ ತುದಿಯಲ್ಲಿದ್ದದ್ದು ಗಿರಮಿಟ್ಟಿನ ಜೊತೆ ಒಳಗೆ ಹೋಯಿತು.

ಮೂರು ಗಂಟೆಗೆ ಬಾಜು ಮನೆಯಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರೆಂದು ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು. ಹಬ್ಬಕ್ಕೆಂದು ಅತ್ತೆ ಇಳಕಲ್ ಸೀರೆ ಉಡಿಸಿದ್ದರು. ನಲವತ್ತು ದಾಟಿದ ಪ್ರಾಧ್ಯಾಪಕಿ, ಗೋಡೆಯಾಚೆ ಹುಡುಗಿಯ ಹಾಗೆ ಕೂಗುವುದು ಕೇಳುತ್ತಿತ್ತು. ಅತ್ತೆ ನಿದ್ದೆ ಹೋಗಿದ್ದರು. ನಾನು ಮತ್ತು ಆ ಪುಟ ಇಬ್ಬರೇ ಉಳಿದೆವು.

ಮತ್ತೆ ಓದಿದೆ. ಈ ಸಲ ತಪ್ಪು ಕಾಣಲೆಂದು ಅಲ್ಲ. ಬಾಗಿಲಲ್ಲಿ ಕುಳಿತ ಹೆಂಗಸಿನ ಪಾದ ತಣ್ಣಗಾಗುವುದು, ಒಮ್ಮೆ ಎದ್ದು ಹಸಿಬಟ್ಟೆಯ ಮೇಲೆ ಕೈಯಿಟ್ಟು ನೋಡುವುದು, ಎಲ್ಲ ಎಷ್ಟು ನಿಧಾನವಾಗಿ ಬರೆದಿದ್ದಾಳೆಂದರೆ ಒಂದು ಕ್ಷಣ ನಾನೂ ನಂಬಿದೆ, ಜೋಳದ ಹಿಟ್ಟು ಉಬ್ಬಿತೆಂದು. ನನಗೆ ಇಂಥ ಒಂದು ಸಾಲು ಬರೆಯಲು ಬಂದೀತೇ? ನನ್ನ ಬಳಿ ಇರುವುದು ತಪ್ಪು ಹುಡುಕುವ ಕಣ್ಣು ಮಾತ್ರ. ಅದನ್ನೂ ಇವತ್ತು ಮುಚ್ಚಿಕೊಂಡು ಕುಳಿತಿದ್ದೇನಲ್ಲ ಎಂದು ನಾಚಿಕೆಯಾಯಿತು. ಅಂಚಿನಲ್ಲಿ ಬರೆದೆ: "ಜೋಳದ ಹಿಟ್ಟು ಉಬ್ಬುವುದಿಲ್ಲ, ಗೋಧಿ ಹಿಟ್ಟು ಮಾಡು." ದುಂಡು ಅಕ್ಷರದಲ್ಲಿ, ಸ್ಪಷ್ಟವಾಗಿ.

ಗೋಡೆಯಾಚೆ ಅವಳ ನಗು ಕೇಳಿತು. ಅವಳ ಸುತ್ತ ಕೂಡಿದ ಹೆಂಗಸರ ನಗು ಕೇಳಿತು. ಸವಣೂರಿನ ನಮ್ಮ ಮನೆಯಲ್ಲಿ ಈ ಹೊತ್ತಿಗೆ ಯಾರು ಜೋಕಾಲಿಯಲ್ಲಿ ಕುಳಿತಿದ್ದಾರೋ! ರಬ್ಬರು ತೆಗೆದು ಬರೆದದ್ದನ್ನು ಅಳಿಸಿದೆ. ಅಳಿಸಿದ ಜಾಗ ಬೂದಿ ಬಣ್ಣಕ್ಕೆ ತಿರುಗಿ, ಕಾಗದ ಸ್ವಲ್ಪ ಎದ್ದು ನಿಂತಿತು.

ಬೇಗ ತಿರುಗಿ ಬಂದಳು. ಕೂದಲು ಕೆದರಿ, ಮುಖ ಕೆಂಪಾಗಿತ್ತು. ನೀರು ಕೂಡ ಕುಡಿಯದೆ ನನ್ನ ಎದುರು ಕುಳಿತು, ಹಾಳೆ ತಿರುವಿ, ನೇರ ಆ ಪುಟಕ್ಕೇ ಬಂದಳು.

"ವೈನಿ, ಇಲ್ಲೇನೋ ಬರದು ಅಳಿಸೀರಲ್ರಿ?"

"ಏನಿಲ್ಲವಾ. ಒಂದ ಕಾಮಾ ಬೇಕು ಅನಿಸಿತ್ತು. ಆಮ್ಯಾಲೆ ನೋಡಿದ್ರ ಬ್ಯಾಡಾಗಿತ್ತು."

"ಈ ಹಿಟ್ಟಿನ ಭಾಗ ಎಲ್ಲಾ ಬರೋಬ್ಬರಿ ಐತೇನ್ರಿ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಪಿಯುಸಿಯ ಹುಡುಗಿ ಪಾಠ ಓದಿ ಮುಗಿಸಿ ನೋಡುತ್ತಿದ್ದ ಹಾಗೆ. ನಾನು ಪೆನ್ಸಿಲಿನ ಮೊನೆ ನೋಡುತ್ತಿದ್ದೆ.

"ಬರೋಬ್ಬರಿ ಐತಿ," ಎಂದೆ.

"ಹಂಗಾರ ಮುಗೀತು," ಎಂದು ಹಾಳೆಗಳನ್ನು ಜೋಡಿಸಿ, ದೊಡ್ಡ ಲಕೋಟೆಗೆ ತುಂಬಿ, ಗೋಂದು ಹಚ್ಚಿದಳು. ಐದಕ್ಕೆ ಯಜಮಾನರು ಅದನ್ನು ಬಸ್‌ ಸ್ಟ್ಯಾಂಡಿಗೆ ಒಯ್ದು ಹುಬ್ಬಳ್ಳಿ ಬಸ್ಸಿಗೆ ಹಾಕಿ ಬಂದರು.

ಲಕೋಟೆ ಮನೆಯಿಂದ ಹೋದ ಮೇಲೆ ನನಗೆ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ. ಗೆದ್ದ ಹಾಗೆ ಅನಿಸಬೇಕಿತ್ತು, ಅನಿಸಲಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಎರಡು ಕಡ್ಡಿ ಮುರಿದವು. ನಗುವ ಹೆಂಗಸರ ನಡುವೆ ಈ ಸಲ ನನಗೆ ಕಂಡದ್ದು ಅವಳ ಮುಖ. ಕೊನೆಗೊಂದು ದಾರಿ ಹೊಳೆಯಿತು. ಇನ್ನೂ ಅಚ್ಚಾಗಿಲ್ಲವಲ್ಲ. ಮುದ್ರಕರಿಗೆ ಒಂದು ಫೋನು ಮಾಡಿ ಜೋಳ ತೆಗೆದು ಗೋಧಿ ಹಾಕಿ ಎಂದರೆ ಆಯಿತು. ಅವಳಿಗೆ, "ಈಗ ದೀಪಾ ಹಚ್ಚೂ ಮುಂದ ಥಟ್ಟನ ಹೊಳೀತು ನೋಡವಾ, ಅಷ್ಟ ಸಲ ಓದಿದ್ರೂ ಕಣ್ಣಿಗೆ ಬಿದ್ದಿರಲಿಲ್ಲ" ಎಂದು ಹೇಳಬಹುದು. ಅವಳು ನಕ್ಕು ನನ್ನ ಕೈ ಹಿಡಿದುಕೊಳ್ಳುತ್ತಾಳೆ. ನನ್ನ ಸುಳ್ಳು ಯಾರಿಗೂ ತಿಳಿಯುವುದಿಲ್ಲ. ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿದೆ, ಸಹಜವಾಗಿ ಬರುತ್ತಿತ್ತು. ನಾದಿನಿ ಒಳಗೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. "ಸ್ವಲ್ಪ ಹೊರಗ ಬಾರವಾ" ಎಂದು ಕರೆದೆ. "ಬಂದೇರಿ ವೈನಿ, ಕೈ ತೊಳಕೊಂಡು ಬಂದೆ" ಎಂದಳು.

ಅಷ್ಟರಲ್ಲಿ ಬಾಜು ಮನೆಯ ಅಕ್ಕ ತಾಟು ತುಂಬಿಕೊಂಡು ಬಂದರು. ಕಟಕ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ನಾನು ತಾಟು ಇಸಿದುಕೊಂಡು, "ಕುಂಡ್ರಿ ಅಕ್ಕಾರ, ಚಹಾ ಕುಡದು ಹೋಗೀರಂತ" ಎಂದೆ.

"ಒಲ್ಲೆ ತಂಗೆವ್ವಾ, ಇನ್ನೂ ನಾಕ ಮನಿ ಅದಾವು," ಎಂದು ಹೊರಟವರು ಮೆಟ್ಟಿಲಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತ ಹಾಗೇ ಒಂದು ಮಾತು ಅಂದರು.

"ಅಲ್ಲ, ನಿಮ್ಮ ನಾದಿನಿ ಮಧ್ಯಾಹ್ನ ಜೋಕಾಲ್ಯಾಗ ಕುಂತು ತಮ್ಮ ಪುಸ್ತಕದ ಕಥಿ ಹೇಳಿದ್ರು ನೋಡು. ಜ್ವಾಳದ ಹಿಟ್ಟು ಸಂಜೀಕ ನಾದಿ ಇಟ್ರ ಮುಂಜಾನಿ ಉಬ್ಬಿ ಕುಂತಿರತೈತಂತ! ನಾವೆಲ್ಲಾ ಹೊಟ್ಟಿ ಹಿಡಕೊಂಡು ನಕ್ವಿ. 'ಜ್ವಾಳ ಎಲ್ಲೆರ ಉಬ್ಬತೈತೇನವಾ' ಅಂದೆ ನಾ. 'ತಡೀರಿ, ನಮ್ಮ ವೈನೀನ ಕೇಳಿ ಬರ್ತೇನಿ, ಅವ್ರು ಬರೋಬ್ಬರಿ ಅಂದ್ರ ಬರೋಬ್ಬರಿ' ಅಂತ ಜೋಕಾಲಿ ಬಿಟ್ಟು ಎದ್ದ ಬಂದ್ರು. ಕೇಳಿದ್ರೇನು?"